ಕ್ಯಾಮ್‌ಶಾಫ್ಟ್ ಬದಲಿಸುವ ಮುನ್ನ: ಸಣ್ಣ ಕಾರಿನ ವೇಗಕ್ಕೆ ತೆರಬೇಕಾದ ಬೆಲೆ

ಶಿವಮೊಗ್ಗ: ನಗರದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಾಗಲಿ, ಭದ್ರಾವತಿಯ ಬಿ.ಎಚ್. ರಸ್ತೆಯ ಗ್ಯಾರೇಜುಗಳಲ್ಲಾಗಲಿ ಹಳೆಯ ಸಣ್ಣ ಕಾರುಗಳ ಬಾನೆಟ್ ಎತ್ತಿ ನಿಂತ ಯುವಕರಿಗೇನೂ ಕೊರತೆಯಿಲ್ಲ. ಮೊದಲ ತಲೆಮಾರಿನ ಸ್ವಿಫ್ಟ್, ಎಸ್ಟೀಮ್, ಬಲೆನೊ, ಹೋಂಡಾ ಸಿಟಿಯಂಥ ಕಾರುಗಳನ್ನು ಕಡಿಮೆ ಬೆಲೆಗೆ ಕೊಂಡು, ಅವುಗಳಿಂದ ಇನ್ನಷ್ಟು ಶಕ್ತಿ ಹೊರಡಿಸಬೇಕೆಂಬ ಹಂಬಲ ಹೊಸದೇನಲ್ಲ. ಮೊದಲು ಏರ್ ಫಿಲ್ಟರ್, ನಂತರ ಸೈಲೆನ್ಸರ್. ಅಷ್ಟಕ್ಕೂ ತೃಪ್ತಿಯಾಗದವರ ಕಣ್ಣು ಕೊನೆಗೆ ನೆಡುವುದು ಕ್ಯಾಮ್‌ಶಾಫ್ಟ್ ಮೇಲೆ.

ಫಿಲ್ಟರ್ ಸರಿಹೋಗದಿದ್ದರೆ ಹತ್ತು ನಿಮಿಷದಲ್ಲಿ ಕಳಚಿಡಬಹುದು. ಕ್ಯಾಮ್‌ಶಾಫ್ಟ್ ವಿಷಯ ಹಾಗಲ್ಲ. ಆಯ್ಕೆ ತಪ್ಪಿದರೆ ಕಾರು ಪೇಟೆಯಲ್ಲಿ ಓಡಿಸಲಾಗದಂತಾಗುತ್ತದೆ. ಜೋಡಣೆ ತಪ್ಪಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಎಂಜಿನ್ ಒಂದೇ ಕ್ಷಣದಲ್ಲಿ ಹಾಳಾಗಬಹುದು. ಆದ್ದರಿಂದ ಹಣ ಹಾಕುವ ಮುನ್ನ ಈ ಬಿಡಿಭಾಗ ಏನು ಮಾಡುತ್ತದೆ, ಏನನ್ನು ಕೊಟ್ಟು ಏನನ್ನು ಕಸಿಯುತ್ತದೆ ಎಂಬುದನ್ನು ಅರಿಯುವುದು ಅಗತ್ಯ.

ಕ್ಯಾಮ್ ಮಾಡುವ ಕೆಲಸ

ಎಂಜಿನ್ ಒಳಗೆ ಗಾಳಿ ಮತ್ತು ಪೆಟ್ರೋಲ್ ಮಿಶ್ರಣ ಪ್ರವೇಶಿಸಲು ಹಾಗೂ ಉರಿದ ಹೊಗೆ ಹೊರಹೋಗಲು ವಾಲ್ವ್‌ಗಳೆಂಬ ಬಾಗಿಲುಗಳಿವೆ. ಈ ಬಾಗಿಲುಗಳನ್ನು ಯಾವ ಗಳಿಗೆಯಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ಹೊತ್ತು ತೆರೆಯಬೇಕೆಂಬುದನ್ನು ನಿರ್ಧರಿಸುವುದು ಕ್ಯಾಮ್‌ಶಾಫ್ಟ್. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚಿಕೊಳ್ಳುತ್ತದೆ ಎಂದರೆ ಈ ಕೆಲಸದ ಸೂಕ್ಷ್ಮತೆ ಅರ್ಥವಾದೀತು.

ಕ್ಯಾಮ್‌ನ ಗುಣವನ್ನು ಮುಖ್ಯವಾಗಿ ಮೂರು ಅಳತೆಗಳಿಂದ ಹೇಳಲಾಗುತ್ತದೆ. ಮೊದಲನೆಯದು ಲಿಫ್ಟ್, ಅಂದರೆ ವಾಲ್ವ್ ಎಷ್ಟು ಮಿಲಿಮೀಟರ್ ಮೇಲೇಳುತ್ತದೆ ಎಂಬುದು. ಎರಡನೆಯದು ಡ್ಯುರೇಷನ್. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಮೂರನೆಯದು ಓವರ್‌ಲ್ಯಾಪ್. ಹೊಗೆಯ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರದೆ, ಗಾಳಿಯ ವಾಲ್ವ್ ಆಗಲೇ ತೆರೆಯಲಾರಂಭಿಸಿರುವ ಅವಧಿ ಇದು.

ಮನೆಬಳಕೆಯ ಕಾರುಗಳ ಮೂಲ ಕ್ಯಾಮ್‌ಗಳಲ್ಲಿ ಡ್ಯುರೇಷನ್ ಸಾಮಾನ್ಯವಾಗಿ 240 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ರಸ್ತೆಯ ಮೇಲೆ ಓಡಿಸಬಹುದಾದ ಚುರುಕು ಕ್ಯಾಮ್‌ಗಳು 260ರಿಂದ 270 ಡಿಗ್ರಿಯವು. ರ್‍ಯಾಲಿ ಕಾರುಗಳಿಗೆ 280, ರೇಸ್ ಕಾರುಗಳಿಗೆ 300 ಡಿಗ್ರಿ ಮತ್ತು ಅದಕ್ಕೂ ಮೇಲ್ಪಟ್ಟವು ಇವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೆಲವು ತಯಾರಕರು ವಾಲ್ವ್ ಅಲುಗಾಡಲಾರಂಭಿಸಿದ ಕ್ಷಣದಿಂದ ಡಿಗ್ರಿ ಎಣಿಸುತ್ತಾರೆ. ಇನ್ನು ಕೆಲವರು ವಾಲ್ವ್ 1 ಮಿ.ಮೀ. ಮೇಲೆದ್ದ ನಂತರ ಎಣಿಸುತ್ತಾರೆ. ಒಂದೇ ಕ್ಯಾಮ್‌ಗೆ ಎರಡು ಬೇರೆ ಬೇರೆ ಸಂಖ್ಯೆಗಳು ಬರುವುದು ಹೀಗೆ. ಎರಡು ಕಂಪೆನಿಗಳ ಕ್ಯಾಮ್ ಹೋಲಿಸುವಾಗ ಅಳತೆಯ ವಿಧಾನ ಒಂದೇ ಆಗಿದೆಯೇ ಎಂದು ಕೇಳಿ ತಿಳಿಯುವುದು ಮೊದಲ ಕೆಲಸ.

ಲಾಭದ ಲೆಕ್ಕ, ನಷ್ಟದ ಲೆಕ್ಕ

2005ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ 1298 ಸಿ.ಸಿ. ಪೆಟ್ರೋಲ್ ಎಂಜಿನ್‌ನಲ್ಲಿ ಒಂದೇ ಕ್ಯಾಮ್‌ಶಾಫ್ಟ್, 16 ವಾಲ್ವ್. 6000 ಆರ್‌ಪಿಎಂನಲ್ಲಿ 87 ಅಶ್ವಶಕ್ತಿ, 4500 ಆರ್‌ಪಿಎಂನಲ್ಲಿ 113 ನ್ಯೂಟನ್ ಮೀಟರ್ ಟಾರ್ಕ್ ಎಂಬುದು ಕಂಪೆನಿಯ ಅಂಕಿ. 6000 ಆರ್‌ಪಿಎಂನಲ್ಲಿ 87 ಅಶ್ವಶಕ್ತಿ ಬರಬೇಕಾದರೆ ಆ ವೇಗದಲ್ಲಿ ಟಾರ್ಕ್ ಸುಮಾರು 103 ನ್ಯೂಟನ್ ಮೀಟರ್ ಇರಬೇಕು. ವೇಗ ಹೆಚ್ಚಿದಂತೆ ಸಿಲಿಂಡರ್ ತುಂಬಲು ಸಿಗುವ ಕಾಲ ಕಡಿಮೆಯಾಗುವುದರಿಂದ ಟಾರ್ಕ್ ಕುಸಿಯುತ್ತದೆ.

ಹೆಚ್ಚು ಡ್ಯುರೇಷನ್‌ನ ಕ್ಯಾಮ್ ಇಲ್ಲಿಯೇ ನೆರವಿಗೆ ಬರುತ್ತದೆ. ವಾಲ್ವ್ ಹೆಚ್ಚು ಹೊತ್ತು ತೆರೆದಿರುವುದರಿಂದ ಮೇಲಿನ ವೇಗದಲ್ಲೂ ಸಿಲಿಂಡರ್ ತುಂಬುತ್ತದೆ. ಅದೇ 103 ನ್ಯೂಟನ್ ಮೀಟರ್ ಟಾರ್ಕನ್ನು 6800 ಆರ್‌ಪಿಎಂವರೆಗೆ ಉಳಿಸಿಕೊಳ್ಳಲು ಸಾಧ್ಯವಾದರೆ ಶಕ್ತಿ 87ರಿಂದ ಸುಮಾರು 98 ಅಶ್ವಶಕ್ತಿಗೆ ಏರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಕ್ಯಾಮ್ ಶಕ್ತಿಯನ್ನು ಸೃಷ್ಟಿಸುವುದಿಲ್ಲ, ಅದನ್ನು ಮೇಲಿನ ವೇಗಕ್ಕೆ ಸ್ಥಳಾಂತರಿಸುತ್ತದೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಸ್ಥಳಾಂತರಕ್ಕೆ ಬೆಲೆಯಿದೆ. ಡ್ಯುರೇಷನ್ ಹೆಚ್ಚಿದಾಗ ಗಾಳಿಯ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೇರಲಾರಂಭಿಸಿದ ಮೇಲೂ ವಾಲ್ವ್ ತೆರೆದಿರುವುದರಿಂದ, ನಿಧಾನ ವೇಗದಲ್ಲಿ ಒಳಬಂದ ಮಿಶ್ರಣದ ಒಂದಂಶ ಮರಳಿ ಹೊರಗೆ ತಳ್ಳಲ್ಪಡುತ್ತದೆ. ಪರಿಣಾಮವಾಗಿ 2000 ಆರ್‌ಪಿಎಂ ಆಸುಪಾಸಿನಲ್ಲಿ ಪಿಕಪ್ ಕುಂದುತ್ತದೆ. ಗೋಪಿ ವೃತ್ತ, ನೆಹರು ರಸ್ತೆಯ ದಟ್ಟಣೆಯಲ್ಲಿ ಕಾರು ಇರುವುದು ಇದೇ ವೇಗದಲ್ಲಿ. ಮೂರನೇ ಗೇರ್‌ನಲ್ಲಿ ಸಾಗುತ್ತಿದ್ದ ಕಾರು ಎರಡನೇ ಗೇರ್ ಬೇಡಲಾರಂಭಿಸುತ್ತದೆ.

ಮಲೆನಾಡಿನ ಚಾಲಕರಿಗೆ ಇದು ಸಣ್ಣ ಮಾತಲ್ಲ. ಆಗುಂಬೆ ಘಾಟಿಯ ಹಿಮ್ಮುರಿ ತಿರುವುಗಳಲ್ಲಿ, ಹುಲಿಕಲ್ ಘಾಟಿಯ ಏರಿನಲ್ಲಿ ಮಳೆಗಾಲದಲ್ಲಿ ಬೇಕಾಗುವುದು ಕೆಳಗಿನ ವೇಗದ ಸೌಮ್ಯ ಎಳೆತವೇ ಹೊರತು 6500 ಆರ್‌ಪಿಎಂನ ಅಬ್ಬರವಲ್ಲ. ಜೊತೆಗೆ ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಕರಾವಳಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಶೇ. 6ರಷ್ಟು ಕಡಿಮೆ. ಈಗಾಗಲೇ ಅಷ್ಟು ಕಡಿಮೆ ಗಾಳಿ ಕುಡಿಯುತ್ತಿರುವ ಎಂಜಿನ್‌ನ ಕೆಳಗಿನ ಟಾರ್ಕನ್ನು ಮತ್ತಷ್ಟು ಕಡಿಮೆ ಮಾಡುವ ಮುನ್ನ ಯೋಚಿಸುವುದು ಒಳಿತು.

ಓವರ್‌ಲ್ಯಾಪ್ ಹೆಚ್ಚಿದರೆ ಮತ್ತೊಂದು ತೊಂದರೆ. ಸ್ಲೋ ಸ್ಪೀಡ್‌ನಲ್ಲಿ ನಿಂತಾಗ ಎಂಜಿನ್ ನಡುಗುತ್ತದೆ, ಇನ್‌ಟೇಕ್ ಪೈಪಿನ ನಿರ್ವಾತ ಕಡಿಮೆಯಾಗುತ್ತದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಇದೇ ನಿರ್ವಾತದಿಂದ. ಅತಿಯಾದ ಕ್ಯಾಮ್ ಹಾಕಿದ ಕಾರಿನ ಬ್ರೇಕ್ ಪೆಡಲ್ ಗಟ್ಟಿಯಾಗುವುದಕ್ಕೆ ಕಾರಣವೂ ಇದೇ. ಹಲವು ಸಣ್ಣ ಕಾರುಗಳ ಕಂಪ್ಯೂಟರ್ ಇದೇ ಒತ್ತಡವನ್ನು ಅಳೆದು ಪೆಟ್ರೋಲ್ ಪ್ರಮಾಣ ನಿರ್ಧರಿಸುವುದರಿಂದ ಅದೂ ದಾರಿ ತಪ್ಪುತ್ತದೆ.

ಈ ಇಬ್ಬಂದಿಗೆ ಕಾರು ಕಂಪೆನಿಗಳೇ ಉತ್ತರ ಹುಡುಕಿದ್ದುಂಟು. ಹೋಂಡಾದ ವಿಟೆಕ್ ತಂತ್ರದಲ್ಲಿ ಒಂದೇ ಶಾಫ್ಟ್ ಮೇಲೆ ಸೌಮ್ಯ ಉಬ್ಬು ಮತ್ತು ಚುರುಕು ಉಬ್ಬು ಎರಡೂ ಇದ್ದು, ವೇಗ ಹೆಚ್ಚಿದಾಗ ಆಯಿಲ್ ಒತ್ತಡದಿಂದ ಎರಡನೆಯದು ಕೆಲಸಕ್ಕಿಳಿಯುತ್ತದೆ. 2000ದ ದಶಕದ ಆರಂಭದ ಸಿಟಿ 1.5 ವಿಟೆಕ್ ಕಾರು ಇಂದಿಗೂ ಉತ್ಸಾಹಿಗಳ ಬಾಯಲ್ಲಿ ಉಳಿದಿರುವುದು ಈ ಕಾರಣಕ್ಕೆ. 2011ರಲ್ಲಿ ಬಂದ ಎರಡನೇ ತಲೆಮಾರಿನ ಸ್ವಿಫ್ಟ್‌ನ ಎಂಜಿನ್‌ನಲ್ಲಿ ಕ್ಯಾಮ್‌ನ ಸಮಯವನ್ನು ಚಾಲನೆಯಲ್ಲೇ ಹಿಂದುಮುಂದು ಮಾಡುವ ವಿವಿಟಿ ವ್ಯವಸ್ಥೆ ಸೇರಿತು. ಇಂಥ ಎಂಜಿನ್‌ಗಳಲ್ಲಿ ಕ್ಯಾಮ್ ಬದಲಿಸುವುದು ಹಳೆಯ ಎಂಜಿನ್‌ಗಳಿಗಿಂತ ಬಹಳ ಜಟಿಲ.

ಹೊಸದೋ, ಉಜ್ಜಿದ್ದೋ?

ಮಾರುಕಟ್ಟೆಯಲ್ಲಿ ಎರಡು ಬಗೆಯ ಕ್ಯಾಮ್‌ಗಳು ಸಿಗುತ್ತವೆ. ಒಂದು, ಹೊಸ ಎರಕದಿಂದ ತಯಾರಿಸಿದ್ದು. ಇನ್ನೊಂದು, ಹಳೆಯ ಕ್ಯಾಮನ್ನೇ ಗ್ರೈಂಡಿಂಗ್ ಯಂತ್ರದಲ್ಲಿ ಉಜ್ಜಿ ಆಕಾರ ಬದಲಿಸಿದ್ದು. ಎರಡನೆಯದು ಅಗ್ಗ. ಆದರೆ ಉಬ್ಬಿಗೆ ಲೋಹ ಸೇರಿಸಲಾಗದು. ಲಿಫ್ಟ್ ಹೆಚ್ಚಬೇಕಾದರೆ ತಳದ ವೃತ್ತವನ್ನೇ ಉಜ್ಜಿ ಕಿರಿದುಗೊಳಿಸಬೇಕು. ಹಾಗೆ ಮಾಡಿದಾಗ ರಾಕರ್ ನಿಲ್ಲುವ ಕೋನ ಬದಲಾಗುತ್ತದೆ, ಟ್ಯಾಪೆಟ್ ಸ್ಕ್ರೂ ಹೆಚ್ಚು ಹೊರಬರಬೇಕಾಗುತ್ತದೆ. ಮೇಲಾಗಿ ಕ್ಯಾಮ್‌ನ ಗಟ್ಟಿ ಪದರ ಮೇಲ್ಭಾಗದಲ್ಲಷ್ಟೇ ಇರುತ್ತದೆ. ಅದನ್ನು ಮೀರಿ ಉಜ್ಜಿದರೆ ಮೆದು ಲೋಹ ಹೊರಬಿದ್ದು ಕೆಲವೇ ಸಾವಿರ ಕಿಲೋಮೀಟರ್‌ಗಳಲ್ಲಿ ಉಬ್ಬು ಸವೆದುಹೋಗುತ್ತದೆ.

ಎರಕದ ಕೆಲಸ ಬಲ್ಲ ಭದ್ರಾವತಿಯವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, ಮುಂದೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯಾಗಿ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಹೋರಾಟಕ್ಕಿಳಿದದ್ದು ಎಲ್ಲರಿಗೂ ತಿಳಿದ ಸಂಗತಿ. ಎರಡು ನಗರಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಎರಕ ಹೊಯ್ಯುವ ಫೌಂಡ್ರಿಗಳಿವೆ. ಕ್ಯಾಮ್‌ಶಾಫ್ಟ್ ಎರಕದಲ್ಲಿ ಉಬ್ಬು ಬರುವ ಜಾಗದಲ್ಲಿ ಅಚ್ಚಿನೊಳಗೆ ಕಬ್ಬಿಣದ ತುಂಡುಗಳನ್ನು ಇಡಲಾಗುತ್ತದೆ. ಕರಗಿದ ಕಬ್ಬಿಣ ಅಲ್ಲಿ ಥಟ್ಟನೆ ತಣಿದು ಬಿಳಿ ಎರಕವಾಗಿ ಬಹಳ ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಮೆದುವಾಗಿಯೇ ಉಳಿಯುತ್ತದೆ. ಕನ್ನಡಿಗರೂ ನೆಲೆಸಿರುವ ಗಡಿಯಾಚೆಯ ಸೊಲ್ಲಾಪುರದಲ್ಲಿ 1992ರಲ್ಲಿ ಸ್ಥಾಪನೆಯಾದ ಪ್ರಿಸಿಷನ್ ಕ್ಯಾಮ್‌ಶಾಫ್ಟ್ಸ್ ಕಂಪೆನಿ ವಿದೇಶಿ ಕಾರು ತಯಾರಕರಿಗೂ ಕ್ಯಾಮ್ ಪೂರೈಸುವ ಮಟ್ಟಕ್ಕೆ ಬೆಳೆದಿದೆ.

ಲೇತ್ ಕೆಲಸದಲ್ಲಿ ಎಷ್ಟೇ ನುರಿತ ಕೈಯಾದರೂ ಕ್ಯಾಮ್‌ನ ಆಕಾರವನ್ನು ಅಂದಾಜಿನಲ್ಲಿ ಉಜ್ಜಲಾಗದು. ಅದಕ್ಕೆ ನಮೂನೆ ಅನುಸರಿಸುವ ಅಥವಾ ಕಂಪ್ಯೂಟರ್ ನಿಯಂತ್ರಿತ ಗ್ರೈಂಡಿಂಗ್ ಯಂತ್ರ ಬೇಕು. ಮಾರುವವರು ಲಿಫ್ಟ್, ಡ್ಯುರೇಷನ್, ಕೇಂದ್ರಕೋನ ಮತ್ತು ಟ್ಯಾಪೆಟ್ ಅಂತರ ಬರೆದ ಕಾರ್ಡ್ ಕೊಡದಿದ್ದರೆ ಅಂಥ ಕ್ಯಾಮ್ ಕೊಳ್ಳದಿರುವುದೇ ಲೇಸು.

ಸ್ಪ್ರಿಂಗ್ ಮತ್ತು ಅಂತರ

ಕ್ಯಾಮ್ ಒಂದನ್ನೇ ಬದಲಿಸಿದರೆ ಸಾಲದು. ವಾಲ್ವನ್ನು ಮೇಲೆತ್ತುವುದು ಕ್ಯಾಮ್ ಆದರೆ ಮರಳಿ ಕೂರಿಸುವುದು ಸ್ಪ್ರಿಂಗ್. 6000ದಿಂದ 6800 ಆರ್‌ಪಿಎಂಗೆ ವೇಗ ಏರಿದಾಗ ವಾಲ್ವ್‌ನ ಜಡತ್ವದ ಬಲ ಶೇ. 28ರಷ್ಟು ಹೆಚ್ಚುತ್ತದೆ. ಹಳೆಯ, ದಣಿದ ಸ್ಪ್ರಿಂಗ್ ಇದನ್ನು ತಡೆಯಲಾರದು. ಆಗ ವಾಲ್ವ್ ಕ್ಯಾಮ್‌ನ ಆಕಾರ ಅನುಸರಿಸದೆ ತೇಲುತ್ತದೆ. ಲಿಫ್ಟ್ ಹೆಚ್ಚಿದ್ದರೆ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ತಾಗಿ ಕೂರುವ ಅಪಾಯವೂ ಉಂಟು. ಪೂರ್ಣ ಲಿಫ್ಟ್‌ನಲ್ಲಿ ಸುರುಳಿಗಳ ನಡುವೆ ಒಟ್ಟು ಕನಿಷ್ಠ 1 ಮಿ.ಮೀ. ಅಂತರ ಉಳಿಯಬೇಕೆಂಬುದು ರೂಢಿಯ ನಿಯಮ. ಕ್ಯಾಮ್ ಉಜ್ಜುವ ರಾಕರ್ ಅಥವಾ ಟ್ಯಾಪೆಟ್ ಮುಖಗಳು ಸವೆದಿದ್ದರೆ ಹೊಸ ಕ್ಯಾಮ್ ಜೊತೆ ಅವನ್ನೂ ಹೊಸದಾಗಿ ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದುದು ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ. ಪಿಸ್ಟನ್ ಮೇಲ್ತುದಿ ತಲುಪುವುದಕ್ಕೆ ಸುಮಾರು 10 ಡಿಗ್ರಿ ಮುಂಚೆ ಹೊಗೆಯ ವಾಲ್ವ್, ತಲುಪಿದ 10 ಡಿಗ್ರಿ ನಂತರ ಗಾಳಿಯ ವಾಲ್ವ್ ಪಿಸ್ಟನ್‌ಗೆ ಅತಿ ಸಮೀಪ ಬರುತ್ತವೆ. ಪಿಸ್ಟನ್ ತಲೆಗೆ ಮೆತ್ತನೆಯ ಜೇಡಿಯಂಥ ಪ್ಲಾಸ್ಟಿಸಿನ್ ಅಂಟಿಸಿ, ಹೆಡ್ ಕೂರಿಸಿ, ಎಂಜಿನ್ ಅನ್ನು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ ಅಚ್ಚು ಬಿದ್ದ ಜಾಗದ ದಪ್ಪ ಅಳೆಯುವುದು ಹಳೆಯ ವಿಧಾನ. ಗಾಳಿಯ ವಾಲ್ವ್‌ಗೆ 2 ಮಿ.ಮೀ., ಬಿಸಿಗೆ ಹಿಗ್ಗುವ ಹೊಗೆಯ ವಾಲ್ವ್‌ಗೆ 2.5 ಮಿ.ಮೀ. ಅಂತರವಿದ್ದರೆ ನೆಮ್ಮದಿ. ಕ್ಯಾಮ್ ತಯಾರಕರು ಬೇರೆ ಅಳತೆ ಸೂಚಿಸಿದ್ದರೆ ಅದೇ ಅಂತಿಮ.

ಜೋಡಣೆಯ ಕ್ರಮ

ಕ್ಯಾಮ್ ಕೂರಿಸುವಾಗ ಪುಲ್ಲಿಯ ಗುರುತಿಗೆ ಗುರುತು ಹೊಂದಿಸಿದರೆ ಸಾಕೆಂಬುದು ಸಾಮಾನ್ಯ ತಿಳಿವಳಿಕೆ. ಮೂಲ ಕ್ಯಾಮ್‌ಗೆ ಇದು ಸರಿ. ಬದಲಿ ಕ್ಯಾಮ್‌ಗೆ ಸಾಲದು. ಹೆಡ್ ಅಥವಾ ಬ್ಲಾಕ್ ಒಮ್ಮೆ ಫೇಸಿಂಗ್ ಆಗಿದ್ದರೂ ಬೆಲ್ಟ್‌ನ ಹಾದಿ ಬದಲಾಗಿ ಒಂದೆರಡು ಡಿಗ್ರಿ ವ್ಯತ್ಯಾಸ ಬರುತ್ತದೆ. ಬೆಲ್ಟ್ ಒಂದು ಹಲ್ಲು ಜಾರಿದರೆ ವ್ಯತ್ಯಾಸ ಎಷ್ಟೆಂದು ನೋಡಿದರೆ ಅಪಾಯದ ಅರಿವಾಗುತ್ತದೆ. ಕ್ಯಾಮ್ ಪುಲ್ಲಿಗೆ 40 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್‌ನಲ್ಲಿ 18 ಡಿಗ್ರಿ.

ಆದ್ದರಿಂದ ಡಿಗ್ರಿ ಗುರುತುಗಳಿರುವ ತಟ್ಟೆಯನ್ನು ಕ್ರ್ಯಾಂಕ್‌ಗೆ ಜೋಡಿಸಿ ಅಳೆಯುವುದು ಅನಿವಾರ್ಯ. ಮೊದಲು ಪಿಸ್ಟನ್‌ನ ನಿಜವಾದ ಮೇಲ್ತುದಿ ಕಂಡುಹಿಡಿಯಬೇಕು. ಸ್ಪಾರ್ಕ್ ಪ್ಲಗ್ ರಂಧ್ರದಲ್ಲಿ ತಡೆಯೊಂದನ್ನು ಕೂರಿಸಿ ಎಂಜಿನ್ ಅನ್ನು ಒಂದು ದಿಕ್ಕಿಗೆ ತಾಗುವವರೆಗೆ, ನಂತರ ಇನ್ನೊಂದು ದಿಕ್ಕಿಗೆ ತಾಗುವವರೆಗೆ ತಿರುಗಿಸಲಾಗುತ್ತದೆ. ಎರಡು ಗುರುತುಗಳ ನಡುಬಿಂದುವೇ ಮೇಲ್ತುದಿ. ಬಳಿಕ ಗಾಳಿಯ ವಾಲ್ವ್ ಮೇಲೆ ಡಯಲ್ ಗೇಜ್ ಇಟ್ಟು, ಪೂರ್ಣ ಲಿಫ್ಟ್‌ಗಿಂತ 1 ಮಿ.ಮೀ. ಕಡಿಮೆಯಿರುವ ಬಿಂದುವನ್ನು ಏರುವಾಗಲೊಮ್ಮೆ, ಇಳಿಯುವಾಗಲೊಮ್ಮೆ ಗುರುತಿಸಬೇಕು. ಅವು 70 ಮತ್ತು 150 ಡಿಗ್ರಿಯಾಗಿದ್ದರೆ ಸರಾಸರಿ 110 ಡಿಗ್ರಿಯೇ ಕೇಂದ್ರಕೋನ. ಕಾರ್ಡ್‌ನಲ್ಲಿ ಬರೆದ ಸಂಖ್ಯೆಗೂ ಇದಕ್ಕೂ ವ್ಯತ್ಯಾಸವಿದ್ದರೆ ಹೊಂದಿಸಬಹುದಾದ ಪುಲ್ಲಿಯ ನೆರವಿನಿಂದ ಸರಿಪಡಿಸಲಾಗುತ್ತದೆ. ಕ್ಯಾಮನ್ನು ತುಸು ಮುಂದಕ್ಕೆ ತಳ್ಳಿದರೆ ಕೆಳಗಿನ ವೇಗದ ಎಳೆತ, ಹಿಂದಕ್ಕೆ ಸರಿಸಿದರೆ ಮೇಲಿನ ವೇಗದ ಶಕ್ತಿ ಹೆಚ್ಚುತ್ತದೆ. ಹಳೆಯ ಸ್ವಿಫ್ಟ್‌ನಂತೆ ಒಂದೇ ಕ್ಯಾಮ್ ಇರುವ ಎಂಜಿನ್‌ನಲ್ಲಿ ಎರಡೂ ಬಗೆಯ ವಾಲ್ವ್‌ಗಳು ಒಟ್ಟಿಗೇ ಸರಿಯುತ್ತವೆ. ಎರಡು ಕ್ಯಾಮ್ ಇರುವಲ್ಲಿ ಮಾತ್ರ ಬೇರೆ ಬೇರೆಯಾಗಿ ಹೊಂದಿಸಲು ಸಾಧ್ಯ.

ಉಬ್ಬುಗಳಿಗೆ ಮಾಲಿಬ್ಡಿನಂ ಇರುವ ಜೋಡಣೆ ಗ್ರೀಸ್ ಸವರಿ, ಕ್ಯಾಪ್ ಬೋಲ್ಟ್‌ಗಳನ್ನು ಸೂಚಿತ ಕ್ರಮದಲ್ಲಿ ಟಾರ್ಕ್ ಪಾನಾದಿಂದಲೇ ಬಿಗಿಯಬೇಕು. ಟ್ಯಾಪೆಟ್ ಅಂತರವನ್ನು ಹೊಸ ಕ್ಯಾಮ್‌ನ ಕಾರ್ಡ್ ಪ್ರಕಾರ ಇಡಬೇಕು, ಕಾರಿನ ಹಳೆಯ ಪುಸ್ತಕದ ಪ್ರಕಾರವಲ್ಲ. ಚಾಲೂ ಮಾಡುವ ಮುನ್ನ ಪಾನಾ ಹಿಡಿದು ಎಂಜಿನ್ ಅನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸುವುದು ಕಡ್ಡಾಯ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಪ್ರಯೋಗಿಸದೆ ಅಲ್ಲಿಗೇ ನಿಲ್ಲಿಸಬೇಕು. ರಾಕರ್ ನೇರವಾಗಿ ಉಜ್ಜುವ ಎಂಜಿನ್‌ಗಳಲ್ಲಿ ಮೊದಲ 20 ನಿಮಿಷ ಸ್ಲೋ ಸ್ಪೀಡ್‌ಗೆ ಬಿಡದೆ 2000ದಿಂದ 2500 ಆರ್‌ಪಿಎಂನಲ್ಲಿ ಓಡಿಸಿ, ಬಳಿಕ ಆಯಿಲ್ ಬದಲಿಸುವುದು ವಾಡಿಕೆ. 500 ಕಿ.ಮೀ. ನಂತರ ಟ್ಯಾಪೆಟ್ ಅಂತರವನ್ನು ಮತ್ತೆ ಪರೀಕ್ಷಿಸಬೇಕು.

ಇಷ್ಟಾದ ಮೇಲೂ ಕಂಪ್ಯೂಟರ್‌ನ ಪೆಟ್ರೋಲ್ ಮತ್ತು ಸ್ಪಾರ್ಕ್ ಲೆಕ್ಕವನ್ನು ಹೊಸ ಕ್ಯಾಮ್‌ಗೆ ತಕ್ಕಂತೆ ಬರೆಯಿಸದಿದ್ದರೆ ಶ್ರಮ ವ್ಯರ್ಥ. ಪೆಟ್ರೋಲ್‌ಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿದೆ. ಶುದ್ಧ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಹಳೆಯ ಕಾರಿನ ಲೆಕ್ಕ ಬರೆಯಿಸುವವರು ಇದನ್ನೂ ಗಮನಕ್ಕೆ ತರಬೇಕಾಗುತ್ತದೆ.

ಕಾನೂನಿನ ಕಣ್ಣು

ವಾಹನದ ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾರ್ಪಾಡು ಮಾಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ವಿಧಿಸಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ 10,000 ರೂ.ವರೆಗೆ ದಂಡವಿದೆ.

ಕ್ಯಾಮ್‌ನ ಅಳತೆ ಆರ್‌ಸಿಯಲ್ಲಿ ನಮೂದಾಗುವುದಿಲ್ಲ ಎಂಬ ಸಮಾಧಾನ ಕೆಲವರಿಗಿರಬಹುದು. ಆದರೆ ಹೊಗೆ ತಪಾಸಣೆಯ ಯಂತ್ರಕ್ಕೆ ಆರ್‌ಸಿ ಬೇಕಿಲ್ಲ. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ಸ್ಲೋ ಸ್ಪೀಡ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮಿತಿ. ಸ್ಟೇಜ್ 4ಕ್ಕೆ ಇದು ಶೇ. 0.3 ಮತ್ತು 200 ಪಿಪಿಎಂ. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಉರಿಯದ ಪೆಟ್ರೋಲನ್ನು ಹೊರಬಿಡುವುದು ನಿಖರವಾಗಿ ಇದೇ ಸ್ಲೋ ಸ್ಪೀಡ್‌ನಲ್ಲಿ.

ಹಳೆಯ ಸ್ವಿಫ್ಟ್‌ಗಳಿಗೆ ಇನ್ನೊಂದು ಘಟ್ಟವೂ ಇದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ತಪಾಸಣೆಗೊಳಪಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ನಡುಗುತ್ತಾ ನಿಂತ, ಹೊಗೆ ಮಿತಿ ಮೀರಿದ ಕಾರು ಅಲ್ಲಿ ಅನುತ್ತೀರ್ಣವಾದರೆ ರಸ್ತೆಗಿಳಿಯುವ ಹಕ್ಕೇ ಹೋಗುತ್ತದೆ. ಮಾರ್ಪಾಡಿನ ವಿಷಯ ತಿಳಿಸದಿದ್ದರೆ ಅಪಘಾತದ ಸಂದರ್ಭದಲ್ಲಿ ವಿಮಾ ಕಂಪೆನಿ ತಕರಾರು ತೆಗೆಯಲು ಅವಕಾಶವಾಗುತ್ತದೆ. ಚುರುಕು ಕ್ಯಾಮ್‌ಗೆ ನಿಜವಾದ ಜಾಗ ರೇಸ್ ಟ್ರ್ಯಾಕ್ ಮತ್ತು ಸಂಚಾರ ಮುಚ್ಚಿದ ರ್‍ಯಾಲಿ ಹಾದಿ. ಅಲ್ಲಿಯೂ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ನಿಯಮಗಳನ್ನು ಓದಿ, ತಾವು ಸ್ಪರ್ಧಿಸುವ ವರ್ಗದಲ್ಲಿ ಕ್ಯಾಮ್ ಬದಲಾವಣೆಗೆ ಅವಕಾಶವಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಮೊದಲು ಆಗಬೇಕಾದ್ದು

15-20 ವರ್ಷ ಓಡಿದ ಎಂಜಿನ್ ತನ್ನ ಮೂಲ 87 ಅಶ್ವಶಕ್ತಿಯನ್ನೇ ಕೊಡುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಕಂಪ್ರೆಷನ್ ಪರೀಕ್ಷೆ, ಟ್ಯಾಪೆಟ್ ಹೊಂದಾಣಿಕೆ, ಪ್ಲಗ್, ಇಂಜೆಕ್ಟರ್ ಶುಚಿ, ಹೊಸ ಟೈಮಿಂಗ್ ಬೆಲ್ಟ್, ಇವುಗಳಿಂದಲೇ ಕಳೆದುಹೋದ ಪಿಕಪ್‌ನ ದೊಡ್ಡ ಪಾಲು ಮರಳಿ ಬರಬಹುದು. ಒಂದು ಸಿಲಿಂಡರ್‌ನ ಕಂಪ್ರೆಷನ್ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ಕ್ಯಾಮ್‌ನ ಮಾತನ್ನು ಅಲ್ಲಿಗೇ ಬಿಟ್ಟು ಎಂಜಿನ್ ರಿಪೇರಿ ಮಾಡಿಸುವುದು ಜಾಣತನ. ಟೈರ್ ಮತ್ತು ಬ್ರೇಕ್‌ಗೆ ಹಾಕಿದ ಹಣ ತುಮಕೂರು–ಹೊನ್ನಾವರ ಹೆದ್ದಾರಿಯಲ್ಲಿ 10 ಅಶ್ವಶಕ್ತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇವೆಲ್ಲ ಮುಗಿದ ಮೇಲೂ ಕ್ಯಾಮ್ ಬೇಕೇ ಬೇಕೆನಿಸಿದರೆ, ಆಸೆಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸುವುದು ಅನುಭವಿಗಳು ಪಾಲಿಸುವ ಕ್ರಮ. ತೆಗೆದ ಹಳೆಯ ಕ್ಯಾಮ್ ಮತ್ತು ರಾಕರ್‌ಗಳನ್ನು ಗುಜರಿಗೆ ಹಾಕದೆ, ಯಾವ ರಾಕರ್ ಯಾವ ಉಬ್ಬಿನದೆಂದು ಚೀಟಿ ಅಂಟಿಸಿ, ಆಯಿಲ್ ಸವರಿ ಸುತ್ತಿಡಬೇಕು. ಕಾರನ್ನು ಮೂಲ ಸ್ಥಿತಿಗೆ ತರುವ ದಾರಿ ಉಳಿಯುವುದು ಅವು ಕೈಯಲ್ಲಿದ್ದಾಗ ಮಾತ್ರ.